ಬೆಂಕಿಯಿಲ್ಲದ ಮನೆಗೆ ನೊರೆಯ ಕಂಬಳಿ

ಕಂಬಳಿ ಬೆಚ್ಚಗಿರುತ್ತದೆ ಎನ್ನುತ್ತೇವೆ. ವಾಸ್ತವವಾಗಿ ಕಂಬಳಿಗೆ ಸ್ವಂತ ಬಿಸಿಯೆಂಬುದಿಲ್ಲ. ಹೊದ್ದವನ ಮೈಬಿಸಿಯನ್ನು ಅದು ಹೊರಹೋಗಗೊಡದು, ಅಷ್ಟೆ. ಅದನ್ನೇ ಬಂಡೆಗೆ ಹೊದಿಸಿದರೆ ಬಂಡೆ ಬೆಚ್ಚಗಾದೀತೆ? ಉಷ್ಣಮಾನ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ಅಮೆರಿಕದ ಮಿನ್ನೆಸೋಟಾದಂಥ ಕಡೆ ಗ್ಯಾರೇಜಿಗೂ ತಗಡಿನ ಉಗ್ರಾಣಕ್ಕೂ ನೊರೆ ಸಿಂಪಡಿಸಹೊರಟವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂದು ನನ್ನ ಭಾವನೆ. ಶಾಖದ ಮೂಲವೇ ಇಲ್ಲದ ಕಟ್ಟಡದಲ್ಲಿ ನೊರೆಯು ಚಳಿಯನ್ನು ತಡಮಾಡೀತೇ ಹೊರತು ತಡೆಯಲಾರದು.

ಈ ನೊರೆಯ ಹೆಸರು ಪಾಲಿಯುರಿಥೇನ್. 1937ರಲ್ಲಿ ಜರ್ಮನಿಯ ಆಟೊ ಬೇಯರ್ ಮತ್ತು ಅವರ ಸಂಗಡಿಗರು ಇದರ ರಸಾಯನವನ್ನು ಕಂಡುಹಿಡಿದರು. ಎರಡು ದ್ರವಗಳು ಸಿಂಪಡಿಸುವಾಗ ಬೆರೆತು, ಕೆಲವೇ ಕ್ಷಣಗಳಲ್ಲಿ ಉಬ್ಬಿ, ಗೋಡೆಗೆ ಅಂಟಿ ಗಟ್ಟಿಯಾಗುತ್ತವೆ. ಇದರಲ್ಲಿ ಎರಡು ಬಗೆ. ತೆರೆದ ಕೋಶದ ನೊರೆ ಮೆದು, ಘನಮೀಟರಿಗೆ ಸುಮಾರು 8 ಕಿಲೋ ತೂಕ, ಬೆಲೆಯೂ ಕಡಿಮೆ. ಆದರೆ ನೀರಾವಿ ಅದನ್ನು ಸುಲಭವಾಗಿ ಹಾಯುತ್ತದೆ. ಮುಚ್ಚಿದ ಕೋಶದ್ದು ಗಡುಸು. ಸುಮಾರು 32 ಕಿಲೋ. ಒಂದೇ ದಪ್ಪಕ್ಕೆ ಶಾಖವನ್ನು ತಡೆಯುವ ಶಕ್ತಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. 2 ಅಂಗುಲ ದಪ್ಪವಿದ್ದರೆ ಆವಿಯನ್ನೂ ಬಹುಮಟ್ಟಿಗೆ ತಡೆಯುತ್ತದೆ.

ತಗಡಿನ ಕಟ್ಟಡದ ನಿಜವಾದ ವೈರಿ ಚಳಿಗಿಂತ ತೇವ. ಕಾರಿನೊಡನೆ ಒಳಬಂದ ಹಿಮ ಕರಗಿ, ಆವಿಯಾಗಿ, ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟುತ್ತದೆ. ಕೆಳಗಿರುವ ಸಲಕರಣೆಗಳ ಮೇಲೆ ತೊಟ್ಟಿಕ್ಕಿ ತುಕ್ಕು ಹಿಡಿಸುತ್ತದೆ. ಅಲ್ಲಿ ತೆರೆದ ಕೋಶದ ನೊರೆಯನ್ನು ಹಾಕಿದರೆ ಆವಿ ಅದನ್ನು ದಾಟಿ, ತಗಡಿನ ಬೆನ್ನಲ್ಲೇ ನೀರಾಗಿ, ಕಣ್ಣಿಗೆ ಬೀಳದಂತೆ ನಿಲ್ಲುತ್ತದೆ. ಆದುದರಿಂದ ತಗಡಿಗೆ ಮುಚ್ಚಿದ ಕೋಶದ್ದೇ ಲೇಸು.

ಮನೆಗೆ ಅಂಟಿಕೊಂಡ ಗ್ಯಾರೇಜಿನ ಮಾತು ಬೇರೆ. ಅದನ್ನು ಕಾಯಿಸುವುದಿಲ್ಲವಾದರೆ ಹೊರಗೋಡೆಗೆ ಹಣ ಸುರಿಯುವುದಕ್ಕಿಂತ ಮನೆಗೂ ಗ್ಯಾರೇಜಿಗೂ ನಡುವಣ ಗೋಡೆಯನ್ನು, ಮೇಲೆ ಕೋಣೆಯಿದ್ದರೆ ಅದರ ನೆಲದ ಅಡಿಯನ್ನು, ಭದ್ರಪಡಿಸುವುದು ವಿವೇಕ. ಆಗ ಮನೆಯ ಬಿಸಿ ಉಳಿಯುತ್ತದೆ. ಅದಕ್ಕಿಂತ ಮಿಗಿಲಾಗಿ, ಕಾರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ನುಸುಳುವ ಸಂದುಗಳು ಮುಚ್ಚುತ್ತವೆ. ಬಣ್ಣವೂ ವಾಸನೆಯೂ ಇಲ್ಲದ ಆ ವಿಷ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಹಾಗೆಂದು ನೊರೆಯನ್ನೇ ನಂಬಿ ಗ್ಯಾರೇಜಿನೊಳಗೆ ಎಂಜಿನ್ ಓಡಲು ಬಿಡುವುದೂ ಸಲ್ಲದು.

ಇನ್ನೆರಡು ಎಚ್ಚರಿಕೆಗಳು. ಈ ನೊರೆ ಉರಿಯುವ ವಸ್ತು. ಅರ್ಧ ಅಂಗುಲದ ಜಿಪ್ಸಂ ಹಲಗೆಯಂಥ ಹೊದಿಕೆಯಿಲ್ಲದೆ ಅದನ್ನು ಬತ್ತಲೆ ಬಿಡಬಾರದು. ಸಿಂಪಡಿಸುವಾಗ ಏಳುವ ಐಸೊಸಯನೇಟ್ ಉಬ್ಬಸವನ್ನು ತರಬಲ್ಲದು; ಕೆಲಸ ಬಲ್ಲವರು ತಕ್ಕ ಮುಖವಾಡ ಧರಿಸಿಯೇ ಮಾಡಬೇಕು, ಉಳಿದವರು ಹೇಳಿದಷ್ಟು ಹೊತ್ತು ಹೊರಗಿರಬೇಕು.

ಬೆಲೆಯ ಪಟ್ಟಿಯನ್ನು ನೋಡುವುದು ಆಮೇಲಾಗಲಿ. ಈ ಗೋಡೆಯ ಹಿಂದೆ ಕಾಪಾಡಬೇಕಾದುದು ಏನು, ಬಿಸಿಯೋ, ಒಣ ಸಾಮಾನೋ, ನಿದ್ರಿಸುತ್ತಿರುವ ಮಕ್ಕಳ ಉಸಿರೋ ಎಂಬುದು ಮೊದಲು ನಿಶ್ಚಯವಾಗಲಿ.