ಹಳೆ ವ್ಯಾನಿನ ಟ್ಯಾಪೆಟ್ ಸೆಟ್ಟಿಂಗ್

ಹಳೆಯ ಕ್ಯಾಂಪರ್ ವ್ಯಾನ್ ಕೊಂಡು ರಸ್ತೆಯಲ್ಲೇ ಬದುಕಲು ಹೊರಡುವವರು ಯುರೋಪು, ಅಮೆರಿಕಗಳಲ್ಲಿ ಬಹಳ. ಅವರಲ್ಲಿ ಹಾಸಿಗೆ, ಒಲೆಗಳನ್ನು ಚೆಂದ ಮಾಡಿಕೊಳ್ಳುವವರಿಗಿಂತ, ತಮ್ಮ ಗಾಡಿಯ ಎಂಜಿನ್ನನ್ನು ತಾವೇ ಆರೈಕೆ ಮಾಡುವವರ ಮೇಲೆ ನನಗೆ ಗೌರವ ಹೆಚ್ಚು.

ಇಂಥ ಗಾಡಿಗಳಲ್ಲಿ ಹೆಸರಾದದ್ದು ಫೋಕ್ಸ್‌ವ್ಯಾಗನ್ ಟೈಪ್ 2. ಡಚ್ ಆಮದುದಾರ ಬೆನ್ ಪಾನ್ 1947ರಲ್ಲಿ ನೋಟ್‌ಬುಕ್ಕಿನಲ್ಲಿ ಗೀಚಿದ ಚಿತ್ರದಿಂದ ಹುಟ್ಟಿ, 1950ರಲ್ಲಿ ತಯಾರಿಗೆ ಬಂತು. ಮರುವರ್ಷವೇ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಇಡಬಹುದಾದ ಕ್ಯಾಂಪಿಂಗ್ ಪೆಟ್ಟಿಗೆ ಮಾಡಿತು. ಸರಕು ಹೊರುವ ಗಾಡಿಯೇ ರಜೆಯಲ್ಲಿ ಮನೆಯಾಯಿತು.

ಅದರ ಹಳೆಯ 1600 ಸಿಸಿ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ಗಾಡಿಯ ಹಿಂಬದಿಯಲ್ಲಿ ನಾಲ್ಕು ಸಿಲಿಂಡರುಗಳು ಎಡಕ್ಕೆರಡು, ಬಲಕ್ಕೆರಡು ಅಡ್ಡಲಾಗಿ ಮಲಗಿವೆ. ಅವುಗಳ ಬಿಸಿ ಇಳಿಸುವುದು ಫ್ಯಾನಿನ ಗಾಳಿ ಮತ್ತು ಎರಡೂವರೆ ಲೀಟರ್ ಆಯಿಲ್, ಅಷ್ಟೇ. ಹಾಗಾಗಿ ಇಲ್ಲಿ ಆರೈಕೆ ಎಂದರೆ ಬಹುಪಾಲು ಬಿಸಿಯ ಆರೈಕೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಮುಖ್ಯವಾಗಿ ದಾಟಿಸುವುದು ಸೀಟಿನ ಮೇಲೆ ಗಟ್ಟಿಯಾಗಿ ಕೂತಾಗ. ವಾಲ್ವಿಗೂ ಅದನ್ನು ಒತ್ತುವ ಸ್ಕ್ರೂಗೂ ನಡುವೆ ಚೂರು ಗ್ಯಾಪ್ ಇಲ್ಲವಾದರೆ ಅದು ಪೂರ್ತಿ ಮುಚ್ಚದು, ಸುಡುತ್ತದೆ. ಒಮ್ಮೊಮ್ಮೆ ತಲೆ ಮುರಿದು ಪಿಸ್ಟನ್ನಿನ ಮೇಲೆ ಬಿದ್ದು ಎಂಜಿನ್ನೇ ಹೋಗುತ್ತದೆ. ಟಕಟಕ ಎನ್ನುವ ಸಡಿಲ ವಾಲ್ವಿಗಿಂತ ಸದ್ದೇ ಮಾಡದ ಬಿಗಿ ವಾಲ್ವಿಗೆ ಹೆದರಬೇಕು. ಮೂರನೇ ಸಿಲಿಂಡರಿಗೆ ಈ ಕಾಟ ಹೆಚ್ಚು. 1970ರ ದಶಕಕ್ಕೂ ಮೊದಲಿನ ಎಂಜಿನ್ನುಗಳಲ್ಲಿ ಅದಕ್ಕೆ ಹೋಗುವ ಗಾಳಿಗೆ ಆಯಿಲ್ ಕೂಲರ್ ಅಡ್ಡ ನಿಂತಿರುತ್ತದೆ.

ಅದಕ್ಕೇ ಸುಮಾರು 5,000 ಕಿಲೋಮೀಟರಿಗೊಮ್ಮೆ ಟ್ಯಾಪೆಟ್ ಸೆಟ್ಟಿಂಗ್, ಅಂದರೆ ಈ ಗ್ಯಾಪನ್ನು ಸರಿಪಡಿಸುವ ಕೆಲಸ. ಎಂಜಿನ್ ರಾತ್ರಿಯಿಡೀ ತಣಿದಿರಬೇಕು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ರೋಟರ್ ಅಂಚಿನ ಗೀಟಿಗೆ ಮುಖ ಮಾಡುವವರೆಗೆ ಪುಲ್ಲಿ ತಿರುಗಿಸಿದರೆ ಒಂದನೇ ಸಿಲಿಂಡರ್ ಸಿದ್ಧ. ಆಮೇಲೆ ಗಾಡಿಯಡಿ ಮಲಗಿ, ವಾಲ್ವ್ ಕವರಿನ ತಂತಿಯನ್ನು ಸ್ಕ್ರೂಡ್ರೈವರಿನಿಂದ ಮೀಟಿ ಬಿಚ್ಚುವುದು. ಆ ಗ್ಯಾಪಿನಲ್ಲಿ 0.15 ಮಿಲಿಮೀಟರಿನ ಫೀಲರ್ ಗೇಜ್ ತೂರಿಸಿ ಎಳೆದು ನೋಡಬೇಕು. ದಪ್ಪ ಪುಸ್ತಕದ ಹಾಳೆಗಳ ನಡುವಿಂದ ಚೀಟಿ ಎಳೆದಷ್ಟೇ ತಡೆ ಕೈಗೆ ಸಿಗಬೇಕು. ಸಿಗದಿದ್ದರೆ ಸ್ಕ್ರೂ ತಿರುಗಿಸಿ ಸರಿಮಾಡಬೇಕು. ಆಮೇಲೆ ಅದು ಅಲ್ಲಾಡದಂತೆ ಹಿಡಿದು ಲಾಕ್ ನಟ್ ಬಿಗಿಯುವಾಗ ಅಳತೆ ತಪ್ಪಿಯೇ ತಪ್ಪುತ್ತದೆ. ಮತ್ತೆ ಅಳೆಯಬೇಕು, ಮತ್ತೆ. ಪುಲ್ಲಿಯನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸುತ್ತ ಹೋದರೆ ಎರಡು, ಮೂರು, ನಾಲ್ಕು ಸಾಲಾಗಿ ಬರುತ್ತವೆ. ಈ ಜೋಡಣೆಯ ಅಚ್ಚುಕಟ್ಟು ನನಗೆ ಬಹಳ ಇಷ್ಟ. ಕವರ್ ಮುಚ್ಚುವಾಗ ಹೊಸ ಕಾರ್ಕ್ ಗ್ಯಾಸ್ಕೆಟ್ ಹಾಕಬೇಕು.

ಇದನ್ನೆಲ್ಲ ಸಾಮಾನ್ಯರ ಕೈಗೆಟುಕಿಸಿದವರು ಜಾನ್ ಮ್ಯೂರ್ ಎಂಬ ಅಮೆರಿಕದ ಎಂಜಿನಿಯರ್. ಫೋಕ್ಸ್‌ವ್ಯಾಗನ್ ರಿಪೇರಿಯ ಬಗ್ಗೆ ಅವರ ಪುಸ್ತಕ 1969ರಲ್ಲಿ ಬಂತು. ಸ್ಪ್ಯಾನರನ್ನೇ ಹಿಡಿಯದವರಿಗೂ ತಿಳಿಯುವಂತೆ ಅವರು ಬರೆದರೆ, ಪೀಟರ್ ಆಶ್ವಾಂಡನ್ ಚಿತ್ರ ಬರೆದರು. ಓದುಗರ ಮೇಲೆ ಅಷ್ಟು ನಂಬಿಕೆಯಿಟ್ಟ ಕೈಪಿಡಿಗಳು ಕಡಿಮೆ.

ಎಂಜಿನ್ನಿನ ಆರೈಕೆ ಕೊಂಡ ಮೇಲಿನ ಮಾತು. ಗಾಡಿ ಕೊಳ್ಳುವ ಮೊದಲು ನೋಡಬೇಕಾದದ್ದು ತುಕ್ಕು: ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನು, ಮುಂದಿನ ಗಾಜಿನ ಚೌಕಟ್ಟು, ಬ್ಯಾಟರಿಯ ತಟ್ಟೆ. ದೀಪ, ಫ್ರಿಜ್ಜಿಗೆ ಬೇರೆಯೇ ಬ್ಯಾಟರಿ ಇರಲಿ. ಇಲ್ಲದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಆಗದು. ಎಲ್ಲಕ್ಕಿಂತ ತುರ್ತಿನದು ಪೆಟ್ರೋಲ್ ಪೈಪು. ರಬ್ಬರ್ ಒಣಗಿ ಬಿರಿದರೆ ಪೆಟ್ರೋಲ್ ತೊಟ್ಟಿಕ್ಕುವುದು ಬಿಸಿ ಎಂಜಿನ್ನಿನ ಮೇಲೆ. ಎಷ್ಟೋ ಒಳ್ಳೆಯ ವ್ಯಾನುಗಳು ಹಾಗೇ ಉರಿದುಹೋಗಿವೆ. ಹೊಸ ಪೈಪು, ಹೊಸ ಕ್ಲಿಪ್ಪು ಹಾಕಿಸಿ, ಡ್ರೈವರ್ ಸೀಟಿನ ಪಕ್ಕ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೇ ಹೊರಡಬೇಕು.