ಮೈ ನೋಡ್ಬೇಡ, ಜುಟ್ಟು ನೋಡು

ಎಂಟನೇ ಕ್ಲಾಸಿನ ಬೇಸಿಗೆ ರಜೆ. ಅಜ್ಜಿ ದುಡ್ಡು ಕೊಟ್ಟು, ಸಂತೆಯಿಂದ ಒಂದು ಒಳ್ಳೇ ಹುಂಜ ತಗೊಂಡು ಬಾ ಅಂದಿದ್ದರು. ಮನೆಯಲ್ಲಿ ಹೇಂಟೆಗಳಿದ್ದವು, ಹುಂಜ ಸತ್ತುಹೋಗಿತ್ತು. ನಾನು ಇದ್ದದ್ದರಲ್ಲೇ ದಪ್ಪಗಿದ್ದದ್ದನ್ನು ಹೊತ್ತು ತಂದೆ. "ಮೈ ನೋಡ್ಕೊಂಡು ತಂದ್ಯಾ? ಜುಟ್ಟು ಬಿಳುಚ್ಕೊಂಡಿದೆ ನೋಡು, ಹೊಟ್ಟೇಲಿ ಹುಳ" ಅಂತ ಸರಿಯಾಗಿ ಬೈಸಿಕೊಂಡೆ. ಹೇಂಟೆಗಳೂ ಅದರ ಹತ್ತಿರ ಸುಳಿಯಲಿಲ್ಲ. ಪಕ್ಕದ ಮನೆಯ ಕೆಂಪು ಜುಟ್ಟಿನವನು ಬೇಲಿ ಹಾರಿ ಬಂದರೆ ಮಾತ್ರ ಸಡಗರ!

ಇಂಜಿನಿಯರಿಂಗ್ ಮುಗಿಸಿ, ಕೋಡ್ ಬರೆಯುವ ಕೆಲಸಕ್ಕೆ ಸೇರಿದ ಎಷ್ಟೋ ವರ್ಷಕ್ಕೆ ಅಜ್ಜಿಯ ಮಾತು ವಿಜ್ಞಾನದಲ್ಲಿ ಸಿಕ್ಕಿತು. 1982ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಮತ್ತು ಮರ್ಲೀನ್ ಜೂಕ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ವಿಚಾರ ಮುಂದಿಟ್ಟರು. ಗಂಡು ಹಕ್ಕಿಯ ಬಣ್ಣ, ಬಾಲ, ಜುಟ್ಟು ಬರೀ ಶೋಕಿ ಅಲ್ಲ. ಅದು ಮೈಯೊಳಗಿನ ಪರಾವಲಂಬಿಗಳ ರಿಪೋರ್ಟು. ಹುಳ ತಡೆದುಕೊಂಡವನಿಗೆ ಮಾತ್ರ ಮಿಂಚಲು ಶಕ್ತಿ ಉಳಿಯುತ್ತದೆ. ಅವನನ್ನು ಆರಿಸಿದ ಹೆಣ್ಣಿನ ಮರಿಗಳಿಗೂ ಆ ತಾಕತ್ತು ಬರುತ್ತದೆ.

ಹಾಗಾದರೆ ಇಷ್ಟು ತಲೆಮಾರು ಆರಿಸಿದ ಮೇಲೂ ಎಲ್ಲ ಗಂಡುಗಳೂ ಒಂದೇ ಥರ ಗಟ್ಟಿಮುಟ್ಟಾಗಿ ಯಾಕಿಲ್ಲ? ಯಾಕೆಂದರೆ ಹುಳವೂ ಸುಮ್ಮನಿರೋದಿಲ್ಲ, ತಾನೂ ಬದಲಾಗುತ್ತಿರುತ್ತದೆ. ವೈರಸ್ಸು, ಆಂಟಿವೈರಸ್ಸು ಎರಡಕ್ಕೂ ಅಪ್‌ಡೇಟ್ ಬರುತ್ತಲೇ ಇದ್ದಂತೆ. ನಿನ್ನೆ ಗೆದ್ದ ಜೀನ್ ನಾಳೆ ಸೋಲಬಹುದು. ಹಾಗಾಗಿ ಪ್ರತಿ ತಲೆಮಾರಿನ ಹೆಣ್ಣೂ ಹೊಸದಾಗಿ ನೋಡಿಯೇ ಆರಿಸಬೇಕು. ನನಗೆ ತುಂಬಾ ಹಿಡಿಸಿದ್ದು ಈ ಭಾಗವೇ.

ಜೂಕ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದ್ದು ಕೆಂಪು ಕಾಡುಕೋಳಿಗಳ ಮೇಲೆ. ನಮ್ಮ ಊರಿನ ಕೋಳಿಗಳ ಮೂಲಪುರುಷ ಅದೇ. ಕೆಲವು ಮರಿಗಳಿಗೆ ಜಂತುಹುಳ ತಗುಲಿಸಿ ಬೆಳೆಸಿದರು. ದೊಡ್ಡದಾದ ಮೇಲೆ ಆ ಹುಂಜಗಳ ಜುಟ್ಟು ಮಂಕಾಗಿತ್ತು, ಬಾಲ ಗಿಡ್ಡವಾಗಿತ್ತು. ಹೇಂಟೆಗಳು ಹೆಚ್ಚಾಗಿ ಹುಳವಿಲ್ಲದವನನ್ನೇ ಆರಿಸಿದವು. ಅವು ನೋಡಿದ್ದು ಮೈಯ ಗಾತ್ರ ಅಲ್ಲ, ಜುಟ್ಟು, ಕಣ್ಣಿನ ಬಣ್ಣ ಇಂಥವನ್ನು. ಥೇಟ್ ನಮ್ಮಜ್ಜಿ! ಎಲ್ಲ ಪ್ರಾಣಿಗಳಲ್ಲೂ ಫಲಿತಾಂಶ ಇಷ್ಟು ಸಲೀಸಾಗಿ ಬಂದಿಲ್ಲ ಅನ್ನೋದನ್ನೂ ಹೇಳಿಬಿಡಬೇಕು. ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಲೇ ಇದ್ದಾರೆ.

ಮ್ಯಾಟ್ರಿಮೊನಿ ಫೋಟೋಗೆ ಫಿಲ್ಟರ್ ಹಾಕಬಹುದು (ಅನುಭವದ ಮಾತು), ಹುಂಜಕ್ಕೆ ಆ ಸೌಲಭ್ಯ ಇಲ್ಲ ಅಂದುಕೊಂಡಿದ್ದೆ. ಆಮೇಲೆ ನೆನಪಾಯಿತು, ನಾನೇ ಹಾಕಿದ್ದೆನಲ್ಲ! ಬೈಗುಳ ತಡೆಯಲಾರದೆ ಆ ಹುಂಜವನ್ನು ಪಶುವೈದ್ಯರ ಹತ್ತಿರ ಒಯ್ದು ಹುಳದ ಔಷಧಿ ಹಾಕಿಸಿದ್ದೆ. ರಜೆ ಮುಗಿಯುವ ಹೊತ್ತಿಗೆ ಜುಟ್ಟು ಕೆಂಪಾಗಿತ್ತು, ಹೇಂಟೆಗಳು ಅದರ ಹಿಂದೆ ಬಿದ್ದಿದ್ದವು. ಕೆಂಪು ಔಷಧಿಯದ್ದು, ಜೀನಿನದ್ದಲ್ಲ ಅಂತ ಪಾಪ ಅವಕ್ಕೇನು ಗೊತ್ತು?

ದಸರಾ ರಜೆಗೆ ಹೋದಾಗ ಅಂಗಳದ ತುಂಬ ಮರಿಗಳು. ನಾನು ಬೀಗುತ್ತಾ ನಿಂತಿದ್ದೆ. ಅಜ್ಜಿ ಮಾತ್ರ, "ಇವಕ್ಕೂ ನೀನೇ ಔಷಧಿ ಹಾಕ್ಸು" ಅಂದರು.