ಬರಕ್ಕೆ ಬಗ್ಗದ ಗುಲಾಬಿ

ಗದಗ, ನರಗುಂದದ ಕಡೆಯ ರೈತರೊಬ್ಬರನ್ನು ಅಮೆರಿಕದ ಡಲ್ಲಾಸ್ ನಗರದ ಹೊರವಲಯದಲ್ಲಿ ನಿಲ್ಲಿಸಿದರೆ ಮಣ್ಣಿನ ಗುರುತು ತಕ್ಷಣ ಸಿಗುತ್ತದೆ. ಅದೇ ಎರೆಭೂಮಿ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ. ಟೆಕ್ಸಸ್ ರಾಜ್ಯದ ಈ ಸೀಮೆಗೆ ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಎಂದು ಹೆಸರು. ಮಣ್ಣಿನ ವಿಜ್ಞಾನಿಗಳು ಅದನ್ನೂ ಉತ್ತರ ಕರ್ನಾಟಕದ ಎರೆಮಣ್ಣನ್ನೂ ‘ವರ್ಟಿಸಾಲ್’ ಎಂಬ ಒಂದೇ ವರ್ಗಕ್ಕೆ ಸೇರಿಸುತ್ತಾರೆ. ಮಣ್ಣಿನಲ್ಲಿ ಕ್ಷಾರ ಹೆಚ್ಚು, ಬೇಸಿಗೆಯ ಬಿಸಿಲು 38 ಡಿಗ್ರಿ ದಾಟುವುದು ಮಾಮೂಲು. ನಾಜೂಕಿನ ಗುಲಾಬಿಗೆ ಹೇಳಿ ಮಾಡಿಸಿದ ಜಾಗವಂತೂ ಅಲ್ಲ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಸಂಸ್ಥೆ 1990ರ ದಶಕದಲ್ಲಿ ಗುಲಾಬಿ ತಳಿಗಳನ್ನು ಪರೀಕ್ಷೆಗೆ ಒಡ್ಡಿದ್ದು ಇಂಥ ನೆಲದಲ್ಲೇ.

‘ಅರ್ತ್-ಕೈಂಡ್’ ಎಂದು ಹೆಸರಾದ ಈ ಯೋಜನೆಯ ಮುಂದಾಳಾಗಿದ್ದವರು ಡಲ್ಲಾಸ್‌ನ ತೋಟಗಾರಿಕಾ ತಜ್ಞ ಸ್ಟೀವ್ ಜಾರ್ಜ್. ನೆಡುವಾಗ ಮಣ್ಣಿಗೆ ಕಾಂಪೋಸ್ಟ್ ಬೆರೆಸುವುದು, ಮೇಲೆ ಸುಮಾರು 3 ಅಂಗುಲ ದಪ್ಪಕ್ಕೆ ಎಲೆ, ಮರದ ಚೂರುಗಳ ಹೊದಿಕೆ ಹಾಕುವುದು. ಗಿಡಕ್ಕೆ ಸಿಗುವ ಉಪಚಾರ ಇಷ್ಟೆ. ರಸಗೊಬ್ಬರ ಇಲ್ಲ, ಕೀಟನಾಶಕ ಇಲ್ಲ, ರೋಗ ಬಂದರೆ ಔಷಧಿಯೂ ಇಲ್ಲ. ಬೇರು ಹಿಡಿಯುವವರೆಗೆ ನೀರು, ಆಮೇಲೆ ತೀರಾ ಕಡಿಮೆ. ಎಲೆ ಉದುರಿಸಿಕೊಂಡು ಬೋಳಾದ ಗಿಡ ಪಟ್ಟಿಯಿಂದ ಹೊರಗೆ. ವರ್ಷಗಟ್ಟಲೆ ಹೀಗೆ ನಿಂತೂ ಹೂ ಬಿಡುತ್ತಲೇ ಉಳಿದವಕ್ಕೆ ಮಾತ್ರ ಅರ್ತ್-ಕೈಂಡ್ ಮುದ್ರೆ.

ಆ ಮುದ್ರೆ ಮೊದಲು ಬಿದ್ದದ್ದು 2002ರಲ್ಲಿ, ‘ಬೆಲಿಂಡಾಸ್ ಡ್ರೀಮ್’ ಎಂಬ ತುಂಬು ದಳಗಳ ಗುಲಾಬಿ ಬಣ್ಣದ ಹೂವಿಗೆ. ಅದನ್ನು ಬೆಳೆಸಿದ ರಾಬರ್ಟ್ ಬೇಸಿ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ಇದು ಎದೆಮಟ್ಟ ಬೆಳೆಯುವ ಗಿಡ. ಚಿಕ್ಕ ಅಂಗಳದವರಿಗೆ ಪಟ್ಟಿಯಲ್ಲಿ ಬೇರೆ ಹೆಸರುಗಳಿವೆ. 1932ರಲ್ಲಿ ಇಂಗ್ಲೆಂಡಿನ ಬೆಂಟಾಲ್ ಕುಟುಂಬದಿಂದ ಬಂದ ‘ದಿ ಫೇರಿ’ ಎರಡು-ಮೂರು ಅಡಿಗೆ ನಿಲ್ಲುತ್ತದೆ, ಚಿಕ್ಕ ಚಿಕ್ಕ ತಿಳಿಗುಲಾಬಿ ಹೂಗಳನ್ನು ಗೊಂಚಲು ಗೊಂಚಲಾಗಿ ಹೊರುತ್ತದೆ. ‘ಮರೀ ಡೇಲಿ’ ಇನ್ನೊಂದು. ಫ್ರಾನ್ಸಿನ ಹಳೆಯ ‘ಮರೀ ಪವೀ’ ಗಿಡದ ಕೊಂಬೆಯಲ್ಲಿ ಬಣ್ಣ ಬದಲಾಗಿ ಹುಟ್ಟಿದ್ದು. ಮುಳ್ಳು ಬಲು ಕಡಿಮೆ, ಪರಿಮಳ ಚೆನ್ನಾಗಿದೆ. ಮಕ್ಕಳು ಓಡಾಡುವ ಬಾಲ್ಕನಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ವಿಶ್ವವಿದ್ಯಾಲಯಕ್ಕಿಂತ ಮೊದಲೇ ಇಂಥ ಗಿಡಗಳ ಬೆನ್ನುಹತ್ತಿದವರು ಟೆಕ್ಸಸ್‌ನಲ್ಲಿ ಇದ್ದರು. 1980ರ ದಶಕದಲ್ಲಿ ಒಂದು ಗುಂಪು ‘ಟೆಕ್ಸಸ್ ರೋಸ್ ರಸ್ಲರ್ಸ್’ ಎಂದು ಹೆಸರಿಟ್ಟುಕೊಂಡು ಹಳೆಯ ಸ್ಮಶಾನಗಳು, ಜನ ಬಿಟ್ಟುಹೋದ ಮನೆಗಳ ಅಂಗಳಗಳು, ರಸ್ತೆ ಬದಿಯ ಬೇಲಿಗಳನ್ನು ಜಾಲಾಡತೊಡಗಿತು. ಅಜ್ಜಿಯೊಬ್ಬಳು ನೆಟ್ಟು ಹೋದ ಗುಲಾಬಿ, ಅವಳು ತೀರಿಕೊಂಡು ದಶಕಗಳಾದರೂ ಯಾರೂ ನೀರು ಹಾಕದೆ ಹೂ ಬಿಡುತ್ತಿದ್ದರೆ ಅದರಲ್ಲಿ ಏನೋ ಸತ್ವ ಇರಲೇಬೇಕು ಎಂಬುದು ಅವರ ತರ್ಕ. ಕಡ್ಡಿ ಕತ್ತರಿಸಿ ತಂದು ಬೇರು ಬರಿಸುತ್ತಿದ್ದರು. ಮೂಲ ಹೆಸರು ಗೊತ್ತಿಲ್ಲದ ಗಿಡಕ್ಕೆ ಸಿಕ್ಕ ಊರಿನದೇ ಹೆಸರು. ‘ಕಾಲ್ಡ್‌ವೆಲ್ ಪಿಂಕ್’ ಹೀಗೆ ಬಂತು. ಹ್ಯೂಸ್ಟನ್ ಬಳಿ ಸಿಕ್ಕ ‘ಕೇಟಿ ರೋಡ್ ಪಿಂಕ್’ನದು ಇನ್ನೂ ಸ್ವಾರಸ್ಯದ ಕಥೆ. ಹಳೆಯ ಕಾಲದ್ದೆಂದುಕೊಂಡಿದ್ದ ಆ ಗಿಡ, ದೂರದ ಅಯೋವಾದಲ್ಲಿ ಗ್ರಿಫಿತ್ ಬಕ್ 1977ರಲ್ಲಿ ಹೊರತಂದ ‘ಕೇರ್‌ಫ್ರೀ ಬ್ಯೂಟಿ’ ಎಂದು ಆಮೇಲೆ ಗೊತ್ತಾಯಿತು.

ಬಕ್ ಅಯೋವಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಶಾಲೆಯಲ್ಲಿದ್ದಾಗ ಸ್ಪೇನ್‌ನ ಗುಲಾಬಿ ತಳಿಗಾರ ಪೆದ್ರೊ ದೋತ್ ಮನೆಯವರೊಡನೆ ನಡೆದ ಪತ್ರವ್ಯವಹಾರದಿಂದ ಅವರಿಗೆ ಈ ಹುಚ್ಚು ಹತ್ತಿತು. ಅಯೋವಾದಲ್ಲಿ ಗಿಡ ಕೊಲ್ಲುವುದು ಬಿಸಿಲಲ್ಲ, ಹಿಮ. ಚಳಿಗಾಲದಲ್ಲಿ ಹೊದಿಸದೆ, ಔಷಧಿ ಸಿಂಪಡಿಸದೆ, ಉಳಿದದ್ದನ್ನಷ್ಟೇ ಆರಿಸುತ್ತ ಅವರು ತಳಿಗಳನ್ನು ಬೆಳೆಸಿದರು. ಹಿಮಕ್ಕೆ ಜಗ್ಗದ ಗಿಡ ಟೆಕ್ಸಸ್‌ನ ಬಿಸಿಲಿಗೂ ಜಗ್ಗಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ.

‘ಕೇರ್‌ಫ್ರೀ ಬ್ಯೂಟಿ’ಯ ವಂಶದಲ್ಲೇ ಹುಟ್ಟಿದ್ದು ಇವತ್ತು ಅಮೆರಿಕದ ಎಲ್ಲೆಡೆ ಕಾಣುವ ‘ನಾಕ್ ಔಟ್’. ಅದರ ಜನಕ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯ ವಿಲಿಯಂ ರ‍್ಯಾಡ್ಲರ್. ಗುಲಾಬಿ ಬೆಳೆದವರಿಗೆಲ್ಲ ಕಪ್ಪು ಚುಕ್ಕೆ ರೋಗ ಗೊತ್ತು. ಎಲೆಯ ಮೇಲೆ ಅಂಚು ಹರಿದಂಥ ದುಂಡನೆಯ ಕಪ್ಪು ಮಚ್ಚೆ, ಅದರ ಸುತ್ತ ಹಳದಿ, ವಾರದಲ್ಲಿ ಎಲೆ ನೆಲಕ್ಕೆ. ರ‍್ಯಾಡ್ಲರ್ ಈ ರೋಗವನ್ನು ದೂರವಿಡಲಿಲ್ಲ, ಬೇಕೆಂದೇ ತಂದರು. ರೋಗ ಹತ್ತಿದ ಎಲೆಗಳನ್ನು ಆಯ್ದು ಒಣಗಿಸಿ ಪುಡಿ ಮಾಡಿ ಸಸಿಗಳ ಮೇಲೆ ಉದುರಿಸುತ್ತಿದ್ದರು, ಶಿಲೀಂಧ್ರ ಚಿಗುರಲೆಂದು ಮೇಲಿನಿಂದ ನೀರು ಹಾಯಿಸುತ್ತಿದ್ದರು. ಅದನ್ನೂ ಗೆದ್ದು ಹಸಿರಾಗಿ ನಿಂತ ಸಸಿ 2000ದಲ್ಲಿ ಮಾರುಕಟ್ಟೆಗೆ ಬಂತು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಈ ಗಿಡದ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೀದಿಯ ತಿರುವಿನಲ್ಲಿ, ಅಂಗಡಿ ಮುಂದೆ, ಕಾರು ನಿಲ್ಲಿಸುವ ಜಾಗದ ಅಂಚಿನಲ್ಲಿ ಅದೇ ಕೆಂಪು.

ಅತಿಯಾದದ್ದೇ ಮುಂದೆ ತೊಡಕೂ ಆಯಿತು. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯೊಂದು ಹರಡುವ ‘ರೋಸ್ ರೊಸೆಟ್’ ವೈರಸ್ ರೋಗ ಅಮೆರಿಕದಲ್ಲಿ ಹಬ್ಬಿದಾಗ ನಾಕ್ ಔಟ್ ಸಾಲುಗಳು ಸಾಲು ಸಾಲಾಗಿ ಹೋದವು. ಚಿಗುರು ಪೊರಕೆಯಂತೆ ಗುಂಪುಗಟ್ಟಿ ಕೆಂಪಾಗುತ್ತದೆ, ಮುಳ್ಳು ಮಿತಿಮೀರುತ್ತದೆ, ಗಿಡ ಸಾಯುತ್ತದೆ. ಕಿತ್ತು ಎಸೆಯುವುದೊಂದೇ ದಾರಿ. ಒಂದು ರೋಗ ಗೆದ್ದ ತಳಿ ಎಲ್ಲವನ್ನೂ ಗೆದ್ದಿರುವುದಿಲ್ಲ, ಒಂದೇ ತಳಿಯನ್ನು ಊರ ತುಂಬ ನೆಡುವುದು ಅಪಾಯ.

ಬರ ತಡೆಯುವ ಶಕ್ತಿಯ ವಿಷಯಕ್ಕೆ ಬಂದರೆ, ಅರ್ಧ ಪಾಲು ಗಿಡದ್ದಾದರೆ ಇನ್ನರ್ಧ ನೆಲದ್ದು. ಎರೆಮಣ್ಣು ಬಿರಿದಾಗ ನವಿರು ಬೇರುಗಳು ಹರಿಯುತ್ತವೆ, ಬಿರುಕಿನ ಗೋಡೆಯಿಂದ ತೇವ ಆರಿಹೋಗುತ್ತದೆ. ಮೇಲೆ ಹೊದಿಕೆ ಇದ್ದರೆ ನೆಲ ತಂಪಾಗಿರುತ್ತದೆ, ಬಿರುಕು ಕಡಿಮೆ, ಕಳೆ ಕಡಿಮೆ. ಹೊದಿಕೆಯೇ ಕೊಳೆತು ಗೊಬ್ಬರವೂ ಆಗುತ್ತದೆ. ಡಲ್ಲಾಸ್‌ನ ಗಿಡಗಳು ರಸಗೊಬ್ಬರವಿಲ್ಲದೆ ಬದುಕಿದ್ದರ ಹಿಂದಿನ ಕಾರಣ ಇದು. ನಮ್ಮಲ್ಲಿ ತರಗೆಲೆ, ತೆಂಗಿನ ನಾರು, ಭತ್ತದ ಹುಲ್ಲು ಯಾವುದಾದರೂ ನಡೆಯುತ್ತದೆ. ಬುಡದ ಸುತ್ತ ಮಾತ್ರ ಒಂದೆರಡು ಅಂಗುಲ ಖಾಲಿ ಇರಲಿ.

ಕುಂಡದಲ್ಲಿ ಈ ಲೆಕ್ಕ ಬದಲಾಗುತ್ತದೆ. ನೆಲದಲ್ಲಿ ನೀರು ಹುಡುಕಿ ಕೆಳಗಿಳಿಯುವ ಬೇರಿಗೆ ಕುಂಡದಲ್ಲಿ ಇಳಿಯಲು ಜಾಗವಿಲ್ಲ. ‘ಬರ ತಡೆಯುವ ತಳಿ’ ಎಂಬ ಚೀಟಿ ನಂಬಿ 8 ಅಂಗುಲದ ಕುಂಡದಲ್ಲಿಟ್ಟು ನಾಲ್ಕು ದಿನ ಊರಿಗೆ ಹೋದರೆ ಗಿಡ ಒಣಗಿರುತ್ತದೆ. ಕನಿಷ್ಠ 14 ಅಂಗುಲ ಅಗಲದ, ಅಷ್ಟೇ ಆಳದ ಕುಂಡ ಬೇಕು. ಮಣ್ಣಿನ ಕುಂಡದ ಗೋಡೆಯಿಂದಲೂ ನೀರು ಆರುವುದರಿಂದ, ಬಳ್ಳಾರಿ, ರಾಯಚೂರಿನಂಥ ಕಡೆ ತಾರಸಿಗೆ ದಪ್ಪ ಪ್ಲಾಸ್ಟಿಕ್ ಕುಂಡವೇ ವಾಸಿ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ ತುಂಬಿ, ಮೇಲೆ ಹೊದಿಕೆ ಹಾಕಬೇಕು. ಬೆರಳು ಎರಡು ಗೆಣ್ಣಿನಷ್ಟು ಒಳಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಹಾಕುವಾಗ ತಳದ ತೂತಿನಿಂದ ಹರಿದು ಬರುವಷ್ಟು, ಬುಡಕ್ಕೆ, ಬೆಳಗಿನ ಹೊತ್ತು. ಎಲೆ ರಾತ್ರಿಯಿಡೀ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ತಪ್ಪಿದ್ದಲ್ಲ.

ಅಮೆರಿಕದ ಈ ತಳಿಗಳೆಲ್ಲ ಇಲ್ಲಿನ ನರ್ಸರಿಗಳಲ್ಲಿ ಸಿಗುವುದಿಲ್ಲ, ಸಿಗಲೇಬೇಕೆಂದೂ ಇಲ್ಲ. ಬಿಸಿ ನಾಡಿನ ಗುಲಾಬಿ ಬಿಸಿ ನಾಡಿನಲ್ಲೇ ಹುಟ್ಟಬೇಕೆಂದು ದುಡಿದವರು ಹತ್ತಿರದಲ್ಲೇ ಇದ್ದಾರೆ. ಐಎಎಸ್ ಹುದ್ದೆ ಬಿಟ್ಟು ಕೊಡೈಕೆನಾಲ್‌ನಲ್ಲಿ ನೆಲೆಸಿದ ಎಂ. ಎಸ್. ವೀರರಾಘವನ್, ಬಂಗಾಳದ ರೋಸಾ ಕ್ಲೈನೋಫಿಲಾ, ಮಣಿಪುರದ ಬೆಟ್ಟಗಳ ರೋಸಾ ಜೈಗ್ಯಾಂಟಿಯಾ ಎಂಬ ಕಾಡು ಗುಲಾಬಿಗಳನ್ನು ಬಳಸಿ ತಳಿ ಬೆಳೆಸಿದರು. ಅವುಗಳಲ್ಲೊಂದಕ್ಕೆ ಸಸ್ಯವಿಜ್ಞಾನಿ ಇ. ಕೆ. ಜಾನಕಿ ಅಮ್ಮಾಳ್ ಅವರ ಹೆಸರಿದೆ.

ಮತ್ತೆ ನಮ್ಮ ಹಳ್ಳಿಯ ಹಿತ್ತಿಲುಗಳೂ ಇವೆ. ಪಾತ್ರೆ ತೊಳೆದ ನೀರಿನಲ್ಲೇ ಬೆಳೆದ ಪನ್ನೀರು ಗುಲಾಬಿ, ಹೆಸರೇ ಇಲ್ಲದ ನಾಟಿ ಗೊಂಚಲು ಗುಲಾಬಿಗಳ ಕಡ್ಡಿ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಪನ್ನೀರು ಗುಲಾಬಿ ಕುಂಡಕ್ಕೆ ದೊಡ್ಡದಾಯಿತು, ನೆಲಕ್ಕೇ ಸರಿ. ಗೊಂಚಲಿನದು ಕುಂಡಕ್ಕೂ ಒಗ್ಗುತ್ತದೆ. ನರ್ಸರಿಯ ಕಸಿ ಗಿಡದಲ್ಲಿ ಬರ ಬಿದ್ದಾಗ ಮೇಲಿನ ಕಸಿ ಸತ್ತು ಬುಡದ ಕಾಡುಬೇರೇ ಚಿಗುರುವುದುಂಟು. ಕಡ್ಡಿಯಿಂದ ಬಂದ ಗಿಡಕ್ಕೆ ಆ ಭಯವಿಲ್ಲ, ಬುಡದಿಂದ ಚಿಗುರಿದರೂ ಅದೇ ಹೂ. ಆಗಷ್ಟೇ ಹೂ ಉದುರಿದ, ಪೆನ್ಸಿಲ್ ದಪ್ಪದ ಕೊಂಬೆಯಿಂದ 6ರಿಂದ 8 ಅಂಗುಲದ ಕಡ್ಡಿ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆದು, ಅರ್ಧ ಭಾಗ ಮರಳು ಬೆರೆತ ಮಣ್ಣಿನಲ್ಲಿ ಊರಬೇಕು. ಅದಕ್ಕೆ ಮಳೆಗಾಲದ ನಡುವಿನ ಹೊತ್ತು, ನೆರಳಿನ ಜಾಗ ಒಳ್ಳೆಯದು. ಎಳೆದು ನೋಡುವ ಆತುರ ಬೇಡ. ಬೇರು ಗಟ್ಟಿಯಾಗಲು ಒಂದೂವರೆ, ಎರಡು ತಿಂಗಳು ಹಿಡಿಯುತ್ತದೆ, ಮೊದಲ ಮೊಗ್ಗುಗಳನ್ನು ಚಿವುಟಿದರೆ ಗಿಡ ಬುಡದಿಂದ ಕವಲೊಡೆದು ತುಂಬಿಕೊಳ್ಳುತ್ತದೆ.